ಸಾಹೇಬರ ಕುರ್ಚಿ ಹೊರಗೆ ಬಂದ ದಿನ

ನಾನು ಒಂದು ತೇಗದ ಕುರ್ಚಿ. ಹುಟ್ಟಿದ್ದು ಧಾರವಾಡದ ಒಬ್ಬ ಬಡಗಿಯ ಕೈಯಲ್ಲಿ. ಮೊದಲು ವಕೀಲರೊಬ್ಬರ ಮನೆಯಲ್ಲಿದ್ದೆ. ಅವರು ತೀರಿಕೊಂಡ ಮೇಲೆ ಕುಡಿತ ಬಿಡಿಸುವ ಕೇಂದ್ರಕ್ಕೆ ದಾನವಾಗಿ ಬಂದೆ. ಅಲ್ಲಿನ ಹಂಪಣ್ಣವರ ಎಂಬ ಡಾಕ್ಟರ್ ಸಾಹೇಬರು ನನ್ನ ಬೆನ್ನಿಗೆ ಬಿಳಿ ಟವೆಲ್ ಹೊದಿಸಿದರು. ಅಷ್ಟೇ ನೋಡಿ, ಇನ್ನೊಬ್ಬರು ನನ್ನ ಮೇಲೆ ಕೂರುವುದು ಅಂದಿಗೇ ನಿಂತಿತು. ಸೊಕ್ಕೂ ಬಂತೆನ್ನಿ. ಆದರೆ ಸಾಹೇಬರ ರಜೆಯ ದಿನ ಎಂಥ ಬೇಸರ ಅಂತೀರಿ! ಉಳಿದ ಕುರ್ಚಿಗಳ ಮೇಲೆ ಹರಟೆ, ನಗು. ನನ್ನ ಹತ್ತಿರ ಯಾರೂ ಸುಳಿಯರು.

ಕೇಂದ್ರದಲ್ಲೊಂದು ನಿಯಮವಿತ್ತು. ಊರಿಗೆ ಹೋಗಿ ಬಂದವನು ಕುಡಿದೆನೆಂದರೆ ಗಂಟುಮೂಟೆ ಕಟ್ಟಬೇಕು. ಹಾಗಾಗಿ ಎಲ್ಲರೂ ನನ್ನೆದುರು ಕೈಮುಗಿದು, 'ಮುಟ್ಟಿಲ್ರೀ ಸಾಹೇಬ್ರ' ಎನ್ನುತ್ತಿದ್ದರು. ಗೋಡೆ ಕಟ್ಟುವ ಗೌಂಡಿ ಫಕೀರಪ್ಪನೂ ಹಾಗೇ ಅಂದ. ಮಾತು ಮುಗಿಯುವ ಮೊದಲೇ ಬಾಗಿಲತ್ತ ತಿರುಗಿದ. ನಿಜ ಹೇಳಿದರೆ ಬೀದಿ, ಹೇಳದಿದ್ದರೆ ಸರಿಯಾದ ಔಷಧಿ ಸಿಗದು. ಪಾಪ, ಏನು ಮಾಡಿಯಾನು?

ಒಮ್ಮೆ ಸಂಶೋಧನೆಗೆಂದು ರೆಬೆಕಾ ಮೇಡಂ ಎಂಬವರು ಬಂದರು. ಈ ನಿಯಮ ಬಿಡಲು ಕೇಂದ್ರ ತಯಾರಿದೆಯೇ ಎಂದು ನೋಡುವುದು ಅವರ ಕೆಲಸ. ಅವರು ತಂದ ಪ್ರಶ್ನೆಗಳೆಲ್ಲ ಪರದೇಶದಲ್ಲಿ ತಯಾರಾದವು. ಸಿಬ್ಬಂದಿ, ರೋಗಿಗಳನ್ನು ಜಮಖಾನೆ ಮೇಲೆ ಕೂರಿಸಿ ಕೇಳಿದರು. ಸಾಹೇಬರು ನನ್ನ ಮೇಲಿದ್ದರು. 'ಹೂಂನ್ರೀ, ತಯಾರ್ ಅದೀವಿ' ಎಂದು ಎಲ್ಲರದೂ ಒಂದೇ ರಾಗ. ಮೇಡಂಗೆ ಅನುಮಾನ ಬಂದು ಸಾಹೇಬರನ್ನು ಚಹಾಕ್ಕೆ ಕಳಿಸಿದರು. ಆಗಲೂ ಅದೇ ರಾಗ.

'ಸಾಹೇಬರು ಇಲ್ಲವಲ್ಲ, ಹೇಳಿ' ಎಂದರು ಮೇಡಂ.

'ಕುರ್ಚಿ ಐತಲ್ರೀ' ಎಂದಳು ಆಯಾ ನೀಲವ್ವ.

ಇಬ್ಬರು ನನ್ನನ್ನೆತ್ತಿ ಪಡಸಾಲೆಗೆ ಸಾಗಿಸಿ ಬಾಗಿಲು ಮುಚ್ಚಿದರು. ಅವಮಾನದಿಂದ ಕುದಿದುಹೋದೆ. ಒಳಗೆ ಗದ್ದಲವೋ ಗದ್ದಲ! 'ನಿಯಮ ತಗದ್ರ ಶಿಸ್ತು ಹೋಗ್ತೈತ್ರೀ' ಎಂದ ಕಾಂಪೌಂಡರ್. 'ಸಾಹೇಬ್ರ ಮುಂದ ಮಾತಾಡಾಕ ನಮಗ ಅಂಜಿಕಿರೀ' ಎಂದಳು ನೀಲವ್ವ. ಅಷ್ಟರಲ್ಲಿ ಚಹಾ ಮುಗಿಸಿ ಬಂದ ಸಾಹೇಬರು ಪಡಸಾಲೆಯಲ್ಲೇ ನನ್ನ ಮೇಲೆ ಕುಳಿತರು. ಒಳಗಿಂದ ಫಕೀರಪ್ಪನ ದನಿ ಬಂತು: 'ನಾ ಕುಡದೀನ್ರೀ. ಮನಿಗೆ ಹೋದ ದಿನಾನ ಕುಡದೆ. ಹೊರಗ ಹಾಕಿದ್ರ ಸಾಯ್ತೀನಿ.'

ಸಾಹೇಬರು ಧಡಕ್ಕನೆ ಎದ್ದು ಒಳಗೆ ಹೋದರು. ಮುಗಿಯಿತು ಇವನ ಕಥೆ ಅಂದುಕೊಂಡೆ. ತೆರೆದ ಬಾಗಿಲಿಂದ ನೋಡುತ್ತೇನೆ, ಅವರು ಮೊಣಕಾಲು ಹಿಡಿದುಕೊಂಡು ಜಮಖಾನೆ ಮೇಲೆ, ಫಕೀರಪ್ಪನ ಪಕ್ಕ ಕೂರುತ್ತಿದ್ದಾರೆ. 'ಇವತ್ತಿಂದ ಔಷಧಿ ಮತ್ತ ಚಾಲೂ ಮಾಡೂಣಪಾ' ಎಂದರು.

ನನ್ನನ್ನು ಮತ್ತೆ ಯಾರೂ ಒಳಗೆ ಒಯ್ಯಲಿಲ್ಲ. ವರ್ಷಗಳಾದವು. ಒಂದು ತೋಳು ಸಡಿಲಾಗಿದೆ, ಮೈಮೇಲೆ ಧೂಳು. ಒಳಗಿನ ಮಾತು, ಅಳು, ನಗು ದಿನವೂ ಕೇಳುತ್ತದೆ. ಸಾಹೇಬರ ದನಿಯೂ ಅದರಲ್ಲೇ ಸೇರಿಹೋಗಿದೆ. ನಾನು ಹೊರಬಿದ್ದದ್ದರಿಂದಲೇ ಒಳಗಿನವರಿಗೆಲ್ಲ ಒಳ್ಳೆಯದಾಯಿತು, ನನಗದು ಗೊತ್ತು. ಗೊತ್ತಿದ್ದೂ, ಬಾಗಿಲು ಸದ್ದಾದಾಗಲೆಲ್ಲ ಯಾರಾದರೂ ಬಂದು ಒಂದು ಗಳಿಗೆ ಕೂರಲಿ ಎಂದು ಕಾಯುತ್ತೇನೆ.