ತಗಡಿನ ಮೇಲಿನ ಅಂಕಿ

೨೦೦೯ರ ಮಾರ್ಚ್ ೧೪, ಶನಿವಾರ, ಬೆಳಿಗ್ಗೆ ಏಳೂಮುಕ್ಕಾಲು. ಪೂಂಗೊಡಿ ಪಂಪಿನ ಸ್ವಿಚ್ಚು ಒತ್ತಿದಳು. ಅಪ್ಪನ ಕೊನೆಯ ಸ್ನಾನಕ್ಕೆ ನೀರು ಒಯ್ಯಲು ಒದ್ದೆ ಸೀರೆಯ ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು. ಅವರ ತಲೆಯ ಮೇಲೆ ನಾಲ್ವರು ಬಿಳಿ ಪಂಚೆಯನ್ನು ಶಾಸ್ತ್ರದಂತೆ ಮೇಲ್ಕಟ್ಟಾಗಿ ಎತ್ತಿ ಹಿಡಿದಿದ್ದರು. ಪೀಳಮೇಡಿನ ಮನೆಬಾವಿ ಬತ್ತಿತ್ತು. ನೀರಿದ್ದದ್ದು ಹಿತ್ತಿಲ ಕಾರ್ಖಾನೆಯಲ್ಲಿ, ಪಂಪು ಪರೀಕ್ಷಿಸುವ ತೊಟ್ಟಿಯಲ್ಲಿ ಮಾತ್ರ. ಅದಕ್ಕೆ ಜೋಡಿಸಿದ್ದು ಮಧ್ಯಾಹ್ನ ಲಾರಿಗೇರಬೇಕಿದ್ದ ಹೊಸ ಪಂಪುಗಳಲ್ಲೊಂದು.

ಎಷ್ಟೋ ವರ್ಷಗಳ ರೂಢಿಯಿಂದ ಅವಳ ಕೈ ತಾನಾಗಿ ವಾಲ್ವನ್ನು ಅಪ್ಪ ಬಳಿದಿದ್ದ ಕೆಂಪು ಗುರುತಿಗೆ ತಿರುಗಿಸಿತು. ಮಾಪಕದ ಮುಳ್ಳು ನಲವತ್ತಕ್ಕೆ ಏರಬೇಕಿತ್ತು. ಮೂವತ್ತೈದನ್ನೂ ಮುಟ್ಟಲಿಲ್ಲ. ಪಂಪಿನ ಮೇಲಿನ ಹಿತ್ತಾಳೆ ತಗಡು ಮಾತ್ರ ಹೇಳುತ್ತಿತ್ತು: ನೀರೆತ್ತುವ ಎತ್ತರ ೪೦ ಮೀಟರ್.

ತಮ್ಮ ಇಳಂಗೋ ಅವಳ ಪಕ್ಕಕ್ಕೆ ಬಂದ.

"ಪಂಪಿನ ಒಳಚಕ್ರ ಯಾರ ಹತ್ರ ಎರಕ ಹೊಯ್ಸಿದೆ?" ಎಂದಳು ಅವಳು.

"ಅಗ್ಗಕ್ಕೆ ಕೊಟ್ಟೋನ ಹತ್ರ. ನೀನು ಆಸ್ಪತ್ರೆಯಲ್ಲಿ ಅಪ್ಪನ ಕಾಲ ಬಳಿ ಕೂತಿದ್ದೆ, ನಾನು ಯಾರನ್ನ ಕೇಳ್ಲಿ? ಬಿಂದಿಗೆ ಎತ್ತು ಅಕ್ಕಾ."

"ಇದು ನಲವತ್ತು ಎತ್ತಲ್ಲ ಕಣೋ."

"ಅಪ್ಪನ ಹೆಸರಿನ ತಗಡನ್ನ ಈವರೆಗೆ ಯಾವನು ಅಳೆದಿದಾನೆ? ಲಾರಿ ನಿಂತ್ರೆ ಅರವತ್ತು ಕೆಲಸಗಾರರ ಮನೆ ಒಲೆ ಆರತ್ತೆ. ಶನಿವಾರದ ಹೆಣ ಜೊತೆಗೊಬ್ಬರನ್ನ ಕರೀತದಂತೆ. ಕಾರ್ಖಾನೇನೇ ಕಳಿಸ್ಬೇಕು ಅಂತಿದೀಯಾ?"

\*

ಕಾಲೇಜು ಮುಗಿಸಿ ಬಂದ ವರ್ಷ ಅವಳು ಅಳೆದ ಮೊದಲ ಪಂಪು ೩೧.೬ ತೋರಿಸಿತ್ತು. ಅವಳು ೩೨ ಎಂದಳು. ಅಪ್ಪ ಮರುದಾಚಲಂ ಅಚ್ಚುಮೊಳೆ ಹಿಡಿದು ತಗಡಿನ ಮೇಲೆ ೩೧ ಎಂದು ಹೊಡೆದರು.

"ನಿನ್ನ ಲೆಕ್ಕ ಸರೀನೇ ಕಣಮ್ಮ. ಆದ್ರೆ ಬಾವಿಗೆ ಅದು ಗೊತ್ತಿಲ್ವಲ್ಲ."

\*

ಚಪ್ಪರದಲ್ಲಿ, ಆ ಹೊಸ ಪಂಪುಗಳನ್ನು ಒಯ್ಯಬೇಕಿದ್ದ ಪೊಳ್ಳಾಚಿಯ ಮುದಿ ವ್ಯಾಪಾರಿ ಚೆನ್ನಿಯಪ್ಪನ್ ಪಕ್ಕದವರಿಗೆ ಹೇಳುತ್ತಿದ್ದರು: "ಈ ಮರುದಾಚಲಂನ ತಗಡೂ ಸುಳ್ಳು ಹೇಳ್ತಿತ್ತು ಕಣ್ರಯ್ಯಾ, ಕಡಿಮೆ ಹೇಳ್ತಿತ್ತು! ನಮ್ಮ ಕಡೆ ರೈತರು ಬೆಲೆ ಕೇಳ್ತಾರೆ, ಪಂಪು ತಿರುಗಿಸಿ ನೋಡಲ್ಲ." ಜನ ಅಳುವಿನ ನಡುವೆಯೇ ನಕ್ಕರು.

ಬಿಂದಿಗೆಗಳು ಬಂದವು. ಇಳಂಗೋ ಅಪ್ಪನ ತಲೆಗೆ ನೀರು ಹೊಯ್ಯಲು ಬಾಗಿದ. ಅವನ ಕಣ್ಣು ಮಾತ್ರ ಅಕ್ಕನ ಮೇಲಿತ್ತು.

"ಮಾವಾ," ಎಂದಳು ಪೂಂಗೊಡಿ. "ಇವತ್ತು ಲಾರಿಗೇರೋ ಪಂಪುಗಳು ನಲವತ್ತು ಎತ್ತಲ್ಲ."

ಪರೈ ತಮಟೆ ಬಾರಿಸುವವರು ಕೂಡ ಕೈ ತಡೆದರು. ಇಳಂಗೋನ ಕೈಯ ಚೊಂಬು ಓರೆಯಾಗಿ ನೀರು ನೆಲಕ್ಕೆ ಸುರಿಯಿತು.

"ನಮ್ಮ ಬಾವಿಗಳಿಗೆ ನಲವತ್ತೇ ಬೇಕಮ್ಮ," ಎಂದರು ಚೆನ್ನಿಯಪ್ಪನ್.

"ಗೊತ್ತು ಮಾವಾ."

ಮುದುಕ ಎದ್ದು ಬೀದಿಗೆ ಹೋಗಿ ಲಾರಿಯ ಚಾಲಕನಿಗೆ ಏನೋ ಹೇಳಿದರು. ಲಾರಿ ಖಾಲಿಯಾಗಿಯೇ ಹೊರಟಿತು. ಅವರು ತಿರುಗಿ ಬಂದು ಚಟ್ಟಕ್ಕೆ ಹೆಗಲು ಕೊಟ್ಟರು. ಇನ್ನೊಂದು ಬದಿಯಲ್ಲಿ ಇಳಂಗೋ ಇದ್ದ, ಅಕ್ಕನತ್ತ ನೋಡಲಿಲ್ಲ.

ಹೆಂಗಸರು ಮಸಣಕ್ಕೆ ಹೋಗುವಂತಿಲ್ಲ. ಪರೈ ಸದ್ದು ದೂರವಾಗುತ್ತಿರಲು ಮನೆಯಲ್ಲಿ ನೆಲ ತೊಳೆಯುತ್ತಿದ್ದರು. ಪೂಂಗೊಡಿ ಒದ್ದೆ ಸೀರೆಯಲ್ಲೇ ಕಾರ್ಖಾನೆಗೆ ಹೋಗಿ ಪಂಪನ್ನು ಮತ್ತೆ ಓಡಿಸಿದಳು. ಹಳೆಯ ತಗಡು ಕಿತ್ತು, ಹೊಸದನ್ನಿಟ್ಟು, ಅಪ್ಪನ ಸುತ್ತಿಗೆ ಎತ್ತಿಕೊಂಡಳು.

ಮುಳ್ಳು ತೋರಿಸಿದ್ದು ೩೪.೮. ಅವಳು ಹೊಡೆದದ್ದು ೩೪ ಮೀಟರ್.