ಮಡಚಿಟ್ಟ ಬಟ್ಟೆ

"ಅಲ್ಲಲ್ಲ ಮೇಡಂ, ಇಲ್ಲಿ ನೋಡಿ, ಬಾಗಿಲ ಹತ್ರ. ಇಲ್ಲೇ ಕೂತು ಸಿಗರೇಟು ಸೇದೋದು ಅವನು," ಎಂದರು ಮೇಸ್ತ್ರಿ.

ಬೆಂಕಿಯ ಕಾರಣ ಹುಡುಕಲು ಬಂದಿದ್ದ ತನಿಖಾಧಿಕಾರಿ ತಲೆಯೆತ್ತಲಿಲ್ಲ. ಸುಟ್ಟ ಮರಗೆಲಸದ ಶೆಡ್ಡಿನ ಒಳಮೂಲೆಯಲ್ಲಿ ಮೊಣಕಾಲೂರಿ, ಕರಣೆಯಿಂದ ಬೂದಿಯನ್ನು ಪದರ ಪದರವಾಗಿ ಎತ್ತಿ ಜರಡಿಗೆ ಹಾಕುತ್ತಿದ್ದಳು. ಜನ ಬೆರಳು ತೋರಿಸಿದ ಕಡೆಗೆ ಕೊನೆಯಲ್ಲಿ ಹೋಗುವುದು ಅವಳ ಪದ್ಧತಿ. ಬೆಂಕಿ ಬಿದ್ದ ಮೇಲೆ ಎಲ್ಲರೂ ಪಂಡಿತರೇ.

"ಅವನು" ಎಂದರೆ ಮೇಸ್ತ್ರಿಯ ಅಳಿಯ. ಮಾವನ ಕೈಕೆಳಗೆ ಇದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ, ಮಾವನ ಮನೆಯಲ್ಲೇ ಇರುತ್ತಿದ್ದ. ಬೆಂಕಿ ಬಿದ್ದ ಮರುದಿನ ಎರಡೂ ಬಾಗಿಲು ಅವನ ಪಾಲಿಗೆ ಮುಚ್ಚಿದವು. ಈಗ ರಸ್ತೆಯ ಆಚೆ ಬದಿಯಲ್ಲಿ ಕೈಕಟ್ಟಿ ನಿಂತಿದ್ದ. ಅವನ ಹೆಂಡತಿ, ಗಂಡನ ಬಟ್ಟೆಬರೆ ತುಂಬಿದ ಚೀಲ ಹಿಡಿದು, ಶೆಡ್ಡಿನ ಹೊಸ್ತಿಲಲ್ಲಿ ನಿಂತಿದ್ದಳು. ಚೀಲ ಕೊಟ್ಟು ಹಿಂತಿರುಗುವುದೋ, ಚೀಲದ ಜೊತೆ ತಾನೂ ಹೊರಡುವುದೋ, ಅವಳಿಗೇ ಇನ್ನೂ ತಿಳಿದಿರಲಿಲ್ಲ.

"ನಿಮ್ಮ ಬಾಯಿಂದ ಒಂದು ಮಾತು ಬರಲಿ ಅಂತ ಕಾಯ್ತಿದೀನಿ ಮೇಡಂ. ಆಮೇಲೆ ಅವನ ದಾರಿ ಅವನಿಗೆ. ಮಗಳು ನನ್ನ ಮನೇಲಿರ್ತಾಳೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬೇಡಿ ಅಪ್ಪ," ಎಂದಳು ಮಗಳು. "ಅವತ್ತು ಅವರು ನಿಮಗಿಂತ ಮುಂಚೆನೇ ಮನೆಗೆ ಬಂದಿದ್ರು."

"ಬಂದಿದ್ದ. ಕಿಡಿ ಬಿಟ್ಟು ಬಂದಿದ್ದ."

ತನಿಖಾಧಿಕಾರಿ ಎದ್ದು ಬಾಗಿಲಿಗೆ ಬಂದಳು. ಹೊಸ್ತಿಲ ಪಕ್ಕದಿಂದ ಒಂದು ಹಿಡಿ ಮರದ ಹೊಟ್ಟು ಎತ್ತಿ ತೋರಿಸಿದಳು. ಅದು ಇನ್ನೂ ಹಳದಿಯಾಗಿಯೇ ಇತ್ತು.

"ಬೆಂಕಿ ಇಲ್ಲಿಂದ ಹೊರಟಿದ್ರೆ ಇದು ಉಳೀತಿತ್ತಾ? ಆ ಮೂಲೆ ಗೋಡೆ ನೋಡಿ. ಮಸಿ ನೆಲದ ಹತ್ರ ಸಣ್ಣಗೆ ಶುರುವಾಗಿ ಮೇಲೆ ಹೋಗ್ತಾ ಅಗಲ ಆಗಿದೆ. ಬೆಂಕಿ ಹುಟ್ಟಿದ್ದು ಅಲ್ಲೇ. ಅಲ್ಲೇನಿಟ್ಟಿದ್ರಿ?"

"ರಟ್ಟಿನ ಪೆಟ್ಟಿಗೆ. ಪಾಲಿಶ್ ಒರೆಸಿದ ಹಳೇ ಬಟ್ಟೆ, ಅಷ್ಟೇ."

"ಯಾವ ಪಾಲಿಶ್?"

"ಯಾವಾಗ್ಲೂ ಮೇಣ. ಈ ಸಲ ಗಿರಾಕಿ ಹಠ ಮಾಡಿದ್ರು, ಅಗಸೆ ಎಣ್ಣೆ ಹಚ್ಚಿದ್ವಿ."

ಅವಳು ಜರಡಿಯಿಂದ ಒಂದು ಕರಕಲು ಗಂಟು ತೆಗೆದು ಮೆಲ್ಲಗೆ ಬಿಡಿಸಿದಳು. ಹೊರಪದರದಲ್ಲಿ ಬಟ್ಟೆಯ ನೇಯ್ಗೆ ಇನ್ನೂ ಕಾಣುತ್ತಿತ್ತು. ನಡುವೆ ಬರೀ ಇದ್ದಿಲು.

"ಒಳಗಿಂದ ಸುಟ್ಟಿದೆ. ಈ ಎಣ್ಣೆ ಒಣಗೋವಾಗ ತಾನೇ ಬಿಸಿಯಾಗುತ್ತೆ. ಬಟ್ಟೆ ಹರವಿದ್ರೆ ಬಿಸಿ ಗಾಳಿಗೆ ಹೋಗುತ್ತೆ. ಮಡಚಿ ಒಟ್ಟಿದ್ರೆ ಒಳಗೇ ಕೂತು ಹತ್ಕೊಳ್ಳುತ್ತೆ. ಕಿಡಿ ಬೇಕಿಲ್ಲ." ಶೆಡ್ಡಿಗೆ ಕರೆಂಟಿನ ತಂತಿ ಎಳೆದವರು ಯಾರು ಎಂದು ವಿಚಾರಿಸುವಂಥ ಸಹಜ ದನಿಯಲ್ಲೇ ಕೇಳಿದಳು: "ಮಡಚಿದ್ದು ಯಾರು?"

ಮೇಸ್ತ್ರಿ ಶೆಡ್ಡಿನಲ್ಲಿ ಒಂದು ಮೊಳೆಯೂ ಅಡ್ಡಾದಿಡ್ಡಿ ಬಿದ್ದಿರಬಾರದು ಎನ್ನುವ ಮನುಷ್ಯ. ಅಂದು ಸಂಜೆ ಅಳಿಯ ಎಣ್ಣೆಬಟ್ಟೆಗಳನ್ನು ಕಿಟಕಿಯ ಸರಳಿಗೆ ನೇತುಹಾಕಿ ಹೋಗಿದ್ದ. "ಇದೇನು ಅಗಸರ ಅಂಗಳವಾ?" ಎಂದು ಗೊಣಗುತ್ತ ಅವರು ಒಂದೊಂದನ್ನೂ ಎಳೆದು, ಅಂಚಿಗೆ ಅಂಚು ಸೇರಿಸಿ ಮಡಚಿ, ಒತ್ತೊತ್ತಿ ಪೆಟ್ಟಿಗೆ ತುಂಬಿದ್ದರು. ಮನೆಗೆ ಬಂದು, ಉಣ್ಣುವ ಹೊತ್ತಿನಲ್ಲಿ ಅದಕ್ಕಾಗಿ ಅಳಿಯನನ್ನು ಬೈದೂ ಇದ್ದರು. ಮಗಳೇ ಬಡಿಸಿದ್ದಳು. ಈಗ ಅವಳು ಅಪ್ಪನ ಮುಖ ನೋಡಿದಳು.

"ನಾನು," ಎಂದರು ಮೇಸ್ತ್ರಿ.

ತನಿಖಾಧಿಕಾರಿ ಗಂಟನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಅವಳ ಕೆಲಸ ಅಲ್ಲಿಗೆ ಮುಗಿದಿತ್ತು.

ಮೇಸ್ತ್ರಿ ಮಗಳಿಗೆ, "ಊಟಕ್ಕೆ ಕರಿ ಅವನನ್ನ," ಎಂದರು.

"ನೀವೇ ಕರೀರಿ."

ಅವರು ಕಿಟಕಿಯವರೆಗೆ ಹೋದರು. ಅಳಿಯ ಇನ್ನೂ ಅಲ್ಲೇ ನಿಂತಿದ್ದ. ಹೆಗಲ ಮೇಲಿನ ಬಟ್ಟೆ ತೆಗೆದು ಮುಖದ ಮಸಿ ಒರೆಸಿಕೊಂಡರು. ಕೈಗಳು ತಮ್ಮಷ್ಟಕ್ಕೆ ಅದನ್ನು ಅಂಚಿಗೆ ಅಂಚು ಸೇರಿಸಿ ಮಡಚಿದವು. ಅವರು ಅದನ್ನೇ ನೋಡುತ್ತ ನಿಂತರು. ಆಮೇಲೆ ಮಡಿಕೆ ಬಿಚ್ಚಿ, ರಸ್ತೆಯ ಆಚೆಯಿಂದ ಕಾಣುವಂತೆ, ಕಿಟಕಿಯ ಸುಟ್ಟ ಸರಳಿಗೆ ಹರವಿ ಹಾಕಿದರು.