ಹನ್ನೊಂದು ನಲವತ್ತರ ಚೀಟಿ

ಧೃತಿ ಕೊನೆಯ ಹಳದಿ ಚೀಟಿಯನ್ನು ಚಿತಾಗಾರದ ಗೋಡೆಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. 'ಬಟನ್, ನಾನು, 11:40.' ಅದಕ್ಕೂ ಮೊದಲು ಬಾಯಿಗಕ್ಕಿ, ಅದಕ್ಕೂ ಮೊದಲು ಮಂತ್ರ, ಹೂವು. ಹೀಗೆ ಕೊನೆಯಿಂದ ಹಿಂದಕ್ಕೆ ಯೋಜನೆ ಹಾಕುವುದನ್ನು ಕಲಿಸಿದ ಅಪ್ಪ ಬದರಿ ಪೆಟ್ಟಿಗೆಯಲ್ಲಿ ಮಲಗಿದ್ದ. ಅಮೆರಿಕದ ಹೋಬೋಕನ್‌ನಲ್ಲಿ ಕಟ್ಟಡ ಕಟ್ಟಿಸುತ್ತಲೇ ಆಯುಷ್ಯ ಮುಗಿಸಿದವನು. ಹಿಲ್ಸ್‌ಬರೋದ ಈ ಹಾಲ್ ಸಿಕ್ಕಿದ್ದು ನಲವತ್ತೈದೇ ನಿಮಿಷಕ್ಕೆ. ಇಲ್ಲಿ ಸಾವಿಗೂ ಅಪಾಯಿಂಟ್‌ಮೆಂಟ್ ಬೇಕು.

"ಥೇಟ್ ಅಪ್ಪನ ಮಗಳು," ಎಂದ ಇಮ್ರಾನ್, ಬದರಿಯ ಜೊತೆ ಸೈಟಿನಲ್ಲಿ ದುಡಿದ ಮೈಸೂರಿನವನು.

"ವೇಯ್ಟಿಂಗ್ ಈಸ್ ವೇಸ್ಟ್ ಅಂತಿದ್ರಲ್ಲ ಅಪ್ಪ, ಅಂಕಲ್."

ಬದರಿಯ ಹೆಂಡತಿ ನಿರುಪಮಾ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು.

*

ಸೈಟಿನ ಗೋಡೆಗೆ ಅಂಟಿಸುವ ಚೀಟಿಯನ್ನು, ಕೆಲಸ ಯಾರದೋ ಅವರೇ ಬರೆಯಬೇಕು ಎಂಬುದು ಬದರಿಯ ನಿಯಮ. ಒಮ್ಮೆ ಲಿಫ್ಟ್ ಕೂರಿಸುವವನು ಚೀಟಿ ಬರೆಯದೆ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ, ಯಾರೂ ಕೇಳಲಿಲ್ಲ. ಅವನ ಸಾಮಾನು ಒಳಗೆ ಹೋಗದೆ ಕಟ್ಟಿದ ಗೋಡೆಯನ್ನೇ ಒಡೆಯಬೇಕಾಯಿತು.

ಆ ಸಂಜೆ ಬದರಿಗೆ ಊಟ ಸೇರಲಿಲ್ಲ. "ಅವನು ಬಾಯಿ ಬಿಡ್ಲಿಲ್ಲ ನಿಜ. ನಾನು ಕೇಳ್ಬೇಕಿತ್ತು ಕಣೇ, ನಿರು."

ಆಮೇಲೆ ಪ್ರತಿ ಮೀಟಿಂಗಿನ ಕೊನೆಗೂ ಅದೇ ಪ್ರಶ್ನೆ: "ಯಾರು ಇನ್ನೂ ಬರೆದಿಲ್ಲ?"

*

ಸಾಲು ಬೇಗ ಬೇಗ ಸರಿಯಿತು. ಮನ್ರೋ ಊರಿನ ನೆಂಟರು, ಸೈಟಿನವರು, ಒಬ್ಬೊಬ್ಬರೂ ನಾಲ್ಕು ಕಾಳು ಬಾಯಿಗೆ ಹಾಕಿ ಪಕ್ಕಕ್ಕೆ ಬಂದರು. ನಿರುಪಮಾ ಹಿಡಿ ಅಕ್ಕಿ ಹಿಡಿದು ಕಾದಳು. ಹೆಂಡತಿಯದು ಕೊನೆಗೆ, ಮಗಳು ಕರೆಯುತ್ತಾಳೆ ಅಂದುಕೊಂಡಳು. ಇಷ್ಟು ವರ್ಷ ಅವನಿಗೆ ಬಡಿಸಿದ ಕೈ. ಈ ಕೊನೆಯ ತುತ್ತೊಂದು ತಪ್ಪಬಾರದು, ಅಷ್ಟೇ ಅವಳಿಗೆ ಬೇಕಿದ್ದದ್ದು.

"ಫೈವ್ ಮಿನಿಟ್ಸ್, ಮ್ಯಾಮ್," ಎಂದ ಅಲ್ಲಿಯ ನೌಕರ ಧೃತಿಗೆ, ತುಂಬ ಮರ್ಯಾದೆಯಿಂದಲೇ.

ಮುಚ್ಚಳ ಬಿತ್ತು. ಪೆಟ್ಟಿಗೆ ಗಾಲಿಗಳ ಮೇಲೆ ಒಳಕ್ಕೆ ಸರಿಯಿತು. ನಿರುಪಮಾ ಎದ್ದಳು. "ತಾಳೇ ಧೃತಿ" ಎಂದು ಕೂಗಬೇಕೆನಿಸಿತು. ಅಷ್ಟು ಜನರ ಎದುರು ಕೂಗಿ ಅವಳಿಗೆ ಅಭ್ಯಾಸವಿರಲಿಲ್ಲ.

ಹನ್ನೊಂದು ನಲವತ್ತಕ್ಕೆ ಧೃತಿ ಬಟನ್ ಒತ್ತಿದಳು. ಉಕ್ಕಿನ ಬಾಗಿಲ ಹಿಂದೆ ಬೆಂಕಿ ಹೊತ್ತಿದ ಸದ್ದಾಯಿತು.

"ಆನ್ ದಿ ಡಾಟ್, ಅಂಕಲ್," ಎನ್ನುತ್ತ, ಅಳುತ್ತ, ಚೀಟಿಗಳನ್ನು ಕಿತ್ತಳು.

ಇಮ್ರಾನ್ ಅವಳನ್ನು ನೋಡುತ್ತಿರಲಿಲ್ಲ. "ಅಕ್ಕಾ... ನೀವು ಹಾಕ್ಲಿಲ್ವಾ?"

ಧೃತಿ ತಿರುಗಿದಳು. ಅಮ್ಮನ ಮುಷ್ಟಿಯ ಸಂದಿಯಿಂದ ಅಕ್ಕಿ ಒಂದೊಂದೇ ಕಾಳು ನೆಲಕ್ಕೆ ಬೀಳುತ್ತಿತ್ತು.

ಬಾಗಿಲಲ್ಲಿ ಮುಂದಿನ ಪೆಟ್ಟಿಗೆಯವರು ನಿಂತಿದ್ದರು. ನೌಕರ ಪೊರಕೆ ತಂದ.